‘ಧನ್ಯ’ನಿಂದ ‘ದಡ್ಡ’ನವರೆಗೆ: ‘ಸಿಲ್ಲಿ’ ಎಂಬ ಇಂಗ್ಲಿಷ್ ಪದದ ಅರ್ಥಯಾನ

ಇಂಗ್ಲಿಷಿನಲ್ಲಿ ದಡ್ಡತನವನ್ನು ಹೇಳುವ ಪದಗಳಿಗೆ ಕೊರತೆಯಿಲ್ಲ. ಫೂಲಿಷ್, ಸ್ಟುಪಿಡ್, ಡಲ್, ಡಾಫ್ಟ್, ಈಡಿಯಟಿಕ್ ಹೀಗೆ ಪಟ್ಟಿ ಬೆಳೆಯುತ್ತದೆ. ಈ ಗುಂಪಿನಲ್ಲಿ ಅತ್ಯಂತ ಸೌಮ್ಯವಾದದ್ದು ‘ಸಿಲ್ಲಿ’. ಅದನ್ನು ತಾಯಿ ಮಗುವಿಗೆ, ಗೆಳತಿ ಗೆಳತಿಗೆ, ಶಿಕ್ಷಕರು ವಿದ್ಯಾರ್ಥಿಗೆ ಹೆಚ್ಚು ಅಳುಕಿಲ್ಲದೆ ಹೇಳಬಹುದು. ಕನ್ನಡದ ಆಡುಮಾತಿನಲ್ಲೂ ಪದ ಬೇರೂರಿದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಮಗು ‘ಸಿಲ್ಲಿ ಮಿಸ್ಟೇಕ್’ ಆಯಿತೆನ್ನುತ್ತದೆ. ಕ್ರಿಕೆಟ್ ವರದಿಯಲ್ಲಿ ‘ಸಿಲ್ಲಿ ಪಾಯಿಂಟ್’ ಅನುವಾದವಿಲ್ಲದೆ ಬರುತ್ತದೆ. ಈಟಿವಿ ಕನ್ನಡದಲ್ಲಿ ಪ್ರಸಾರವಾದ ಹಾಸ್ಯ ಧಾರಾವಾಹಿಯೊಂದರ ಹೆಸರೇ ‘ಸಿಲ್ಲಿ ಲಲ್ಲಿ’. ಇಷ್ಟು ಪರಿಚಿತವಾದ ಪದವನ್ನು ನಿಘಂಟಿನಲ್ಲಿ ಹುಡುಕಬೇಕೆಂದು ಯಾರಿಗೂ ತೋರುವುದಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆ ಈ ಪದದ ಪೂರ್ವರೂಪಕ್ಕೆ ‘ಭಾಗ್ಯವಂತ’, ‘ಧನ್ಯ’ ಎಂಬ ಅರ್ಥವಿತ್ತು. ಧನ್ಯತೆ ದಡ್ಡತನವಾಗಿ ಮಾರ್ಪಟ್ಟ ಬಗೆಯನ್ನು ಅರಿತರೆ ಹಳೆಯ ಇಂಗ್ಲಿಷ್ ಪಠ್ಯಗಳನ್ನು ಸರಿಯಾಗಿ ಓದಲು ನೆರವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ನೆರೆಹೊರೆಯ ಭಾಷೆಗಳಲ್ಲಿ ಒಳ್ಳೆಯತನ ಮತ್ತು ದಡ್ಡತನಗಳ ನಡುವೆ ಇರುವ ತೆಳುವಾದ ಗೆರೆಯೂ ಕಣ್ಣಿಗೆ ಬೀಳುತ್ತದೆ.

ಧನ್ಯತೆಯ ಮೂಲ

ಪ್ರಾಚೀನ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂಬ ನಾಮಪದವಿತ್ತು. ಒದಗಿ ಬಂದ ಕಾಲ, ಸುಯೋಗ, ಸುಖ ಎಂಬವು ಅದರ ಅರ್ಥಗಳು. ಅದರಿಂದ ಸಾಧಿತವಾದ ‘ಗೆಸ್ಯಾಲಿಗ್’ ಎಂಬ ವಿಶೇಷಣಕ್ಕೆ ಸುಖಿ, ಭಾಗ್ಯಶಾಲಿ, ಧನ್ಯ ಎಂಬ ಅರ್ಥ. ಸೋದರ ಭಾಷೆಗಳು ಈ ಅರ್ಥವನ್ನು ಇಂದಿಗೂ ಕಾಪಾಡಿಕೊಂಡಿವೆ. ಜರ್ಮನ್ ಭಾಷೆಯ ‘ಝೇಲಿಗ್’, ಡಚ್ ಭಾಷೆಯ ‘ಝಾಲಿಗ್’ ಎರಡೂ ‘ಪರಮಸುಖಿ’, ‘ಪುಣ್ಯಾತ್ಮ’ ಎಂಬ ಅರ್ಥದಲ್ಲಿ ಬಳಕೆಯಲ್ಲಿವೆ. ಕ್ಯಾಥೊಲಿಕ್ ಧರ್ಮಸಭೆ ಒಬ್ಬರನ್ನು ಸಂತಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸುವ ವಿಧಿಗೆ ಜರ್ಮನ್ ಭಾಷೆಯಲ್ಲಿರುವ ಹೆಸರು ಈ ಪದದಿಂದಲೇ ಆಗಿದೆ. ತೀರಿಹೋದವರನ್ನು ಗೌರವದಿಂದ ನೆನೆಯುವಾಗಲೂ ಜರ್ಮನರು ಹೆಸರಿನೊಂದಿಗೆ ‘ಝೇಲಿಗ್’ ಸೇರಿಸುತ್ತಿದ್ದರು. ಕನ್ನಡದ ‘ದಿವಂಗತ’ದ ಹಿಂದೆ ಇರುವ ಭಾವವೇ ಅಲ್ಲಿಯೂ ಇದೆ. ಒಂದೇ ಬೇರಿನಿಂದ ಬಂದ ಎರಡು ಪದಗಳಲ್ಲಿ ಒಂದು ಪೂಜ್ಯರ ಪಂಕ್ತಿಯಲ್ಲಿ ಉಳಿಯಿತು, ಇನ್ನೊಂದು ಪೆದ್ದರ ಪಂಕ್ತಿಗೆ ಬಂತು.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಪದದ ರೂಪ ‘ಸೀಲಿ’ ಎಂದಾಯಿತು. ಹದಿಮೂರನೆಯ ಶತಮಾನದಲ್ಲಿ ಅದಕ್ಕೆ ‘ದೇವರ ಕೃಪೆಗೆ ಪಾತ್ರನಾದವನು’ ಎಂಬ ಧಾರ್ಮಿಕ ಅರ್ಥ ಬಲವಾಗಿತ್ತು. ದೇವರ ಕೃಪೆಗೆ ಪಾತ್ರನಾದವನು ಪಾಪ ಮಾಡದವನು, ಎಂದರೆ ನಿರಪರಾಧಿ. ನಿರಪರಾಧಿಯಾದವನು ಯಾರಿಗೂ ಕೇಡು ಬಗೆಯದವನು. ಕೇಡು ಬಗೆಯದವನು ಇತರರು ಬಗೆಯುವ ಕೇಡಿಗೆ ಸುಲಭದ ತುತ್ತು. ಆದ್ದರಿಂದ ಅವನು ಕರುಣೆಗೆ ಅರ್ಹ. ಕರುಣೆಗೆ ಅರ್ಹನಾದವನು ದುರ್ಬಲ. ಮೊದಲು ದೇಹದ ದೌರ್ಬಲ್ಯವನ್ನು ಹೇಳಿದ ಪದ ಮುಂದೆ ಬುದ್ಧಿಯ ದೌರ್ಬಲ್ಯವನ್ನೂ ಹೇಳಿತು. ಹೀಗೆ ಧನ್ಯ, ನಿರಪರಾಧಿ, ನಿರುಪದ್ರವಿ, ಬಡಪಾಯಿ, ದುರ್ಬಲ, ದಡ್ಡ ಎಂಬ ಮೆಟ್ಟಿಲುಗಳಲ್ಲಿ ಅರ್ಥ ಇಳಿಯಿತು. ಪ್ರತಿಯೊಂದು ಮೆಟ್ಟಿಲೂ ಹಿಂದಿನದಕ್ಕೆ ತೀರ ಹತ್ತಿರದಲ್ಲಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮಾತ್ರ ಆಕಾಶ ಭೂಮಿಯಷ್ಟು ಅಂತರ. ಹದಿನೈದನೆಯ ಶತಮಾನದಿಂದ ದೀರ್ಘಸ್ವರ ಹ್ರಸ್ವಗೊಂಡ ‘ಸಿಲ್ಲಿ’ ರೂಪ ಕಾಣಿಸಿಕೊಳ್ಳುತ್ತದೆ. ‘ವಿವೇಕವಿಲ್ಲದ’ ಎಂಬ ಇಂದಿನ ಅರ್ಥ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟವಾಗುತ್ತದೆ.

ಹಳೆಯ ಅರ್ಥಗಳು ಪೂರ್ತಿಯಾಗಿ ಅಳಿಯಲಿಲ್ಲ. ‘ಸೀಲಿ’ ಎಂಬುದು ಇಂಗ್ಲೆಂಡಿನಲ್ಲಿ ಕುಲನಾಮವಾಗಿ ಉಳಿದಿದೆ. ಸ್ಕಾಟ್ಲೆಂಡಿನ ಜಾನಪದದಲ್ಲಿ ಮನುಷ್ಯರಿಗೆ ಒಳಿತು ಬಯಸುವ ಯಕ್ಷಗಣಕ್ಕೆ ‘ಸೀಲಿ’ ಸಭೆಯೆಂದೂ ಕೇಡು ಬಯಸುವ ಗಣಕ್ಕೆ ‘ಅನ್‌ಸೀಲಿ’ ಸಭೆಯೆಂದೂ ಹೆಸರು. ಉತ್ತರ ಭಾಗದ ಉಪಭಾಷೆಗಳಲ್ಲಿ ‘ಸಿಲ್ಲಿ’ ಎಂದರೆ ಕಾಯಿಲೆಯಿಂದ ನಿತ್ರಾಣವಾದ ಎಂಬ ಅರ್ಥವೂ ಇತ್ತು. ಕೇಂದ್ರದ ಭಾಷೆ ಬಿಟ್ಟುಕೊಟ್ಟದ್ದನ್ನು ಅಂಚಿನ ಭಾಷೆ ಉಳಿಸಿಕೊಳ್ಳುವುದು ಗಡಿನಾಡಿನ ಕನ್ನಡವನ್ನು ಅಧ್ಯಯನ ಮಾಡಿದವರಿಗೆ ಹೊಸ ಸಂಗತಿಯಲ್ಲ.

ಕವಿಗಳ ಕೈಯಲ್ಲಿ

ಪದವೊಂದು ಎರಡು ಅರ್ಥಗಳ ನಡುವೆ ತೂಗಾಡುತ್ತಿರುವ ಕಾಲ ಸಾಹಿತಿಗೆ ಅನುಕೂಲದ ಕಾಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆಫ್ರಿ ಚಾಸರ್ ಬರೆದ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ಗಿರಣಿಯವನು ಹೇಳುವ ಕಥೆಯೊಂದಿದೆ. ಅದರ ಬಡಗಿಯನ್ನು ಚಾಸರ್ ಮತ್ತೆ ಮತ್ತೆ ‘ಸೀಲಿ’ ಎಂದು ಕರೆಯುತ್ತಾನೆ. ನೋಹನ ಕಾಲದಂಥ ಪ್ರಳಯ ಮತ್ತೆ ಬರಲಿದೆಯೆಂಬ ಸುಳ್ಳನ್ನು ನಂಬಿ, ಹೆಂಡತಿಯ ಮೇಲಿನ ಪ್ರೀತಿಯಿಂದ ಗಾಬರಿಗೊಂಡು, ಛಾವಣಿಗೆ ತೊಟ್ಟಿ ಕಟ್ಟಿ ಅದರಲ್ಲಿ ಮಲಗುವ ಮುದುಕ ಅವನು. ಆ ಹೊತ್ತಿನಲ್ಲೇ ಹೆಂಡತಿ ಅವನಿಗೆ ವಂಚನೆ ಮಾಡುತ್ತಾಳೆ. ಅವನು ನಿಷ್ಪಾಪಿಯೇ, ಬಡಪಾಯಿಯೇ, ಮೂರ್ಖನೇ? ಚಾಸರನ ಪದ ಮೂರನ್ನೂ ಹೇಳುತ್ತದೆ, ಯಾವುದನ್ನೂ ಬಿಟ್ಟುಕೊಡುವುದಿಲ್ಲ. ಅನುವಾದಕ ‘ಪೆದ್ದ ಬಡಗಿ’ ಎಂದರೆ ಕರುಣೆ ಸೋರಿಹೋಗುತ್ತದೆ; ‘ಬಡಪಾಯಿ ಬಡಗಿ’ ಎಂದರೆ ನಗೆ ಸೋರಿಹೋಗುತ್ತದೆ.

ಎರಡು ಶತಮಾನಗಳ ಬಳಿಕ ಶೇಕ್ಸ್‌ಪಿಯರನ ನಾಟಕಗಳಲ್ಲಿ ಹಳೆಯ ಹಾಗೂ ಹೊಸ ಅರ್ಥಗಳು ಜೊತೆಜೊತೆಯಾಗಿ ಸಿಗುತ್ತವೆ. ‘ವೆರೋನಾದ ಇಬ್ಬರು ಮಹನೀಯರು’ ನಾಟಕದಲ್ಲಿ ದರೋಡೆಕೋರರ ನಾಯಕನಾಗಲು ಒಪ್ಪುವ ವ್ಯಾಲಂಟೈನ್, ಹೆಂಗಸರಿಗೂ ಬಡ ದಾರಿಹೋಕರಿಗೂ ಹಿಂಸೆ ಮಾಡಬಾರದೆಂದು ಕರಾರು ಹಾಕುತ್ತಾನೆ. ಅಲ್ಲಿ ಹೆಂಗಸರಿಗೆ ಅವನು ಬಳಸುವ ವಿಶೇಷಣ ‘ಸಿಲ್ಲಿ’. ಅವನ ಮನಸ್ಸಿನಲ್ಲಿರುವುದು ರಕ್ಷಣೆಯಿಲ್ಲದ ಅಬಲೆಯರು. ಅವರ ಬುದ್ಧಿಯ ಪ್ರಶ್ನೆ ಅಲ್ಲಿಲ್ಲ. ‘ಹನ್ನೆರಡನೆಯ ರಾತ್ರಿ’ಯ ಓರ್ಸಿನೊ ಹಳೆಯ ಹಾಡೊಂದರಲ್ಲಿರುವ ಸರಳ ಸತ್ಯವನ್ನು ಮೆಚ್ಚಿ ಇದೇ ಪದವನ್ನು ಬಳಸುತ್ತಾನೆ. ಆದರೆ ‘ನಡುಬೇಸಗೆಯ ರಾತ್ರಿಯ ಕನಸು’ ನಾಟಕದಲ್ಲಿ ಕಸುಬುದಾರರು ಆಡುವ ಆಟವನ್ನು ನೋಡಿದ ಹಿಪಾಲಿಟ ಅದು ತಾನು ಕಂಡುಕೇಳಿದವುಗಳಲ್ಲೆಲ್ಲ ಅತ್ಯಂತ ‘ಸಿಲ್ಲಿ’ಯೆಂದಾಗ ಅರ್ಥ ಪೂರ್ತಿಯಾಗಿ ಇಂದಿನದು. ಒಬ್ಬನೇ ಲೇಖಕ, ಕೆಲವೇ ವರ್ಷಗಳ ಅಂತರ. ಆದ್ದರಿಂದ ಕಾಲವನ್ನು ಮಾತ್ರ ನೋಡಿ ಅರ್ಥ ನಿರ್ಧರಿಸಲಾಗದು, ಪ್ರತಿಯೊಂದು ಪ್ರಯೋಗವನ್ನೂ ಅದರ ಸಂದರ್ಭದಲ್ಲಿ ಪರಿಶೀಲಿಸಬೇಕಾಗುತ್ತದೆ.

1611ರ ಅಧಿಕೃತ ಇಂಗ್ಲಿಷ್ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ವಂಚಕ ಬೋಧಕರ ಬಲೆಗೆ ಬೀಳುವ ಸ್ತ್ರೀಯರನ್ನು ‘ಸಿಲ್ಲಿ’ ಎಂದಿದೆ. ಮೂಲ ಗ್ರೀಕಿನಲ್ಲಿ ವಿಶೇಷಣವೇ ಇಲ್ಲ. ‘ಹೆಂಗಸು’ ಎಂಬುದರ ಅಲ್ಪಾರ್ಥಕ ರೂಪ ಮಾತ್ರ ಇದೆ. ಆ ರೂಪದಲ್ಲಿದ್ದ ತಾತ್ಸಾರವನ್ನು ಇಂಗ್ಲಿಷಿಗೆ ತರಲು ಭಾಷಾಂತರಕಾರರು ಈ ಪದವನ್ನು ಸೇರಿಸಿದರು. ಅವರ ಕಾಲಕ್ಕೆ ಅದು ಮುಖ್ಯವಾಗಿ ದೌರ್ಬಲ್ಯವನ್ನು ಸೂಚಿಸಿದ್ದಿರಬಹುದು. ಇಂದಿನ ಓದುಗನಿಗೆ ಅದು ಸ್ತ್ರೀಯರ ಬುದ್ಧಿಯ ಮೇಲಿನ ತೀರ್ಪಾಗಿ ಕೇಳಿಸುತ್ತದೆ. ಈಚಿನ ಭಾಷಾಂತರಗಳು ಅದರ ಬದಲಿಗೆ ‘ದುರ್ಬಲ ಮನಸ್ಸಿನ’, ‘ಸುಲಭವಾಗಿ ನಂಬುವ’ ಎಂಬರ್ಥದ ಪದಗಳನ್ನು ಬಳಸಿವೆ. ಮಿಲ್ಟನ್ 1629ರಲ್ಲಿ ಕ್ರಿಸ್ತಜನನವನ್ನು ಕುರಿತು ಬರೆದ ಕವಿತೆಯಲ್ಲಿ ಕುರುಬರ ಆಲೋಚನೆಗಳಿಗೂ ಇದೇ ವಿಶೇಷಣವಿದೆ. ಅಲ್ಲಿ ಹಳ್ಳಿಗರ ಕಪಟವಿಲ್ಲದ ಸರಳತೆಯೇ ಮುಖ್ಯಾರ್ಥ. 1798ರಲ್ಲಿ ಪ್ರಕಟವಾದ ಕೋಲ್‌ರಿಜ್‌ನ ‘ಪ್ರಾಚೀನ ನಾವಿಕ’ನ ಗೀತೆಯಲ್ಲಿ ಹಡಗಿನ ಮೇಲೆ ಬಹುಕಾಲ ಬರಿದಾಗಿ ಬಿದ್ದಿದ್ದ ಬಾಲ್ದಿಗಳಿಗೆ ಈ ಪದ ಅಂಟಿಕೊಂಡಿದೆ. ಉಪಯೋಗಕ್ಕೆ ಬಾರದೆ ಬಿದ್ದ ಬಾಲ್ದಿಗಳೋ, ಮಳೆಯ ಕೃಪೆಗೆ ಪಾತ್ರವಾದ ಬಾಲ್ದಿಗಳೋ ಎಂಬ ಚರ್ಚೆಗೆ ಕವಿ ತೆರೆದ ಬಾಗಿಲನ್ನು ಬಿಟ್ಟಿದ್ದಾನೆ.

‘ಅಪಾಯಕಾರಿ ಅರ್ಥ’ ಎಂಬ ಮಾತನ್ನು ಸಿ. ಎಸ್. ಲೂಯಿಸ್ 1960ರ ‘ಸ್ಟಡೀಸ್ ಇನ್ ವರ್ಡ್ಸ್’ ಗ್ರಂಥದಲ್ಲಿ ಬಳಸುತ್ತಾನೆ. ಹಳೆಯ ಪಠ್ಯದ ಪದಕ್ಕೆ ಓದುಗ ತನಗೆ ಗೊತ್ತಿಲ್ಲದಂತೆಯೇ ತನ್ನ ಕಾಲದ ಅರ್ಥವನ್ನು ಹಚ್ಚುತ್ತಾನೆ. ವಾಕ್ಯ ಹೇಗೋ ಹೊಂದಿಕೊಳ್ಳುವುದರಿಂದ ತಪ್ಪು ಗೊತ್ತಾಗುವುದೇ ಇಲ್ಲ. ಪೂರ್ತಿ ಅಪರಿಚಿತವಾದ ಪದ ಓದುಗನನ್ನು ನಿಘಂಟಿನತ್ತ ಕಳುಹಿಸುತ್ತದೆ. ಪರಿಚಿತವಾಗಿ ಕಾಣುವ ಪದ ಹಾಗೆ ಮಾಡುವುದಿಲ್ಲ. ‘ಸಿಲ್ಲಿ’ ಈ ಎರಡನೆಯ ಬಗೆಯದು.

ಇಂದಿನ ಬಳಕೆಯ ಪದರಗಳು

ಆಧುನಿಕ ಇಂಗ್ಲಿಷಿನಲ್ಲಿ ‘ಸಿಲ್ಲಿ’ಗೆ ಒಂದೇ ಅರ್ಥವಿದೆ ಎಂದುಕೊಂಡರೂ ತಪ್ಪಾಗುತ್ತದೆ. ಅತಿಥಿಯೊಬ್ಬರು ‘ತೊಂದರೆ ಕೊಟ್ಟೆ’ ಎಂದಾಗ ಆತಿಥೇಯರು ‘ಸಿಲ್ಲಿಯಾಗಬೇಡಿ’ ಎನ್ನುವುದು ಬೈಗುಳವಲ್ಲ, ಸೌಜನ್ಯ. ಕನ್ನಡದಲ್ಲಿ ಆ ಜಾಗದಲ್ಲಿ ಬರುವುದು ‘ಛೆ, ಅದೇನು ಮಾತು’ ಎಂಬಂಥ ನುಡಿ. ಪೆಟ್ಟು ತಿಂದು ‘ಸಿಲ್ಲಿ’ಯಾಗುವುದೆಂದರೆ ಪ್ರಜ್ಞೆ ತಪ್ಪುವುದು, ಇಲ್ಲಿ ಪದ ವಿಶೇಷಣದ ಕೆಲಸಕ್ಕಿಂತ ಪರಿಣಾಮವನ್ನು ಹೇಳುವ ಕೆಲಸ ಮಾಡುತ್ತದೆ. ‘ಸಿಲ್ಲಿ’ ಬೆಲೆಯೆಂದರೆ ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿನ, ಕೆಲವೊಮ್ಮೆ ಅಷ್ಟೇ ಅಸಂಬದ್ಧವಾಗಿ ಕಡಿಮೆಯ ಬೆಲೆ. ಕ್ರಿಕೆಟ್ಟಿನ ಸಿಲ್ಲಿ ಪಾಯಿಂಟ್, ಸಿಲ್ಲಿ ಮಿಡ್-ಆನ್, ಸಿಲ್ಲಿ ಮಿಡ್-ಆಫ್‌ಗಳಲ್ಲಿ ಆಟಗಾರ ದಡ್ಡನಲ್ಲ. ಬ್ಯಾಟಿಗೆ ಅಷ್ಟು ಸಮೀಪ ನಿಲ್ಲುವ ಸಾಹಸವೇ ಅವಿವೇಕದಂತೆ ತೋರುವುದರಿಂದ ಆ ಹೆಸರು. 1861ರಲ್ಲಿ ಲಂಡನ್ನಿನ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಬಳಕೆಯಾದ ‘ಸಿಲ್ಲಿ ಸೀಸನ್’ ಎಂಬ ಮಾತು ಸಂಸತ್ತಿಗೆ ಬೇಸಗೆ ರಜೆಯಿರುವಾಗ ಗಂಭೀರ ಸುದ್ದಿಯಿಲ್ಲದೆ ಪತ್ರಿಕೆಗಳು ಕ್ಷುಲ್ಲಕ ಸುದ್ದಿಗಳಿಂದ ಪುಟ ತುಂಬಿಸುವ ಅವಧಿಯನ್ನು ಹೆಸರಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪದಕ್ಕೆ ಸ್ವಲ್ಪಮಟ್ಟಿನ ಮಾನವೂ ಮರಳಿತು. 1929ರಿಂದ ವಾಲ್ಟ್ ಡಿಸ್ನಿ ತಯಾರಿಸಿದ ‘ಸಿಲ್ಲಿ ಸಿಂಫನೀಸ್’ ಚಿತ್ರಮಾಲೆ, 1970ರಲ್ಲಿ ಬಿಬಿಸಿಯಲ್ಲಿ ಬಂದ ಮಾಂಟಿ ಪೈಥಾನ್ ತಂಡದ ‘ಸಿಲ್ಲಿ ನಡಿಗೆಗಳ ಸಚಿವಾಲಯ’ ಇವುಗಳಲ್ಲಿ ಆ ಪದ ಉದ್ದೇಶಪೂರ್ವಕವಾದ, ನಿಷ್ಕಪಟವಾದ ತಮಾಷೆಯನ್ನು ಸೂಚಿಸುತ್ತದೆ. ಆದರೆ ಇದೇ ಪದ ಇನ್ನೊಬ್ಬರ ಮಾತನ್ನು ತಳ್ಳಿಹಾಕುವ ಸಲಕರಣೆಯೂ ಹೌದು. ಒಂದು ಪ್ರಶ್ನೆಯನ್ನು ‘ಸಿಲ್ಲಿ’ ಎಂದರೆ ಅದಕ್ಕೆ ಉತ್ತರ ಕೊಡುವ ಹೊಣೆ ತಪ್ಪುತ್ತದೆ. ಈ ತಾತ್ಸಾರ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಮೇಲೆ ಬಿದ್ದಿದೆ. ಜಾರ್ಜ್ ಎಲಿಯಟ್ 1856ರಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ, ಮಹಿಳೆಯರು ಬರೆಯುವ ‘ಸಿಲ್ಲಿ’ ಕಾದಂಬರಿಗಳನ್ನು ಕುರಿತ ಪ್ರಬಂಧ ಈ ಕಾರಣಕ್ಕಾಗಿ ಕುತೂಹಲಕರ. ಗಂಡಸರು ಹೆಂಗಸರ ಮೇಲೆ ಪ್ರಯೋಗಿಸುತ್ತಿದ್ದ ಪದವನ್ನು ಮಹಿಳೆಯೊಬ್ಬಳು ಕೈಗೆತ್ತಿಕೊಂಡು, ಅದನ್ನು ವಿಮರ್ಶೆಯ ಮಾನದಂಡವಾಗಿ ತಿರುಗಿಸಿ, ಟೊಳ್ಳು ಬರಹದ ಬಗೆಗಳನ್ನು ವಿಂಗಡಿಸುತ್ತಾಳೆ. ಬರೆದವಳು ಮಹಿಳೆಯೆಂಬ ಕಾರಣಕ್ಕೆ ದಾಕ್ಷಿಣ್ಯದ ಹೊಗಳಿಕೆ ಸಲ್ಲಬಾರದೆಂಬ ನಿಷ್ಠುರತೆ ಅಲ್ಲಿದೆ.

ದೇವರಿಗೆ ಪ್ರಿಯನಾದವನು

ಧನ್ಯತೆಯಿಂದ ದಡ್ಡತನಕ್ಕೆ ಇಳಿದ ಪದ ‘ಸಿಲ್ಲಿ’ ಒಂದೇ ಅಲ್ಲ. ಫ್ರೆಂಚ್ ಭಾಷೆಯಲ್ಲಿ ‘ಬೆನೆ’ ಎಂದರೆ ಪೆದ್ದ. ಅದರ ಮೂಲ ‘ಆಶೀರ್ವದಿಸಲ್ಪಟ್ಟ’ ಎಂಬ ಲ್ಯಾಟಿನ್ ಪದ. ಇಂಗ್ಲಿಷಿನ ‘ಡಾಫ್ಟ್’ ಒಂದು ಕಾಲದಲ್ಲಿ ‘ಸೌಮ್ಯ, ವಿನೀತ’ ಎಂಬ ಅರ್ಥದ ಪದವಾಗಿತ್ತು. ಗ್ರೀಕಿನ ‘ಯುಎಥೆಸ್’ ಎಂಬುದರ ಅವಯವಾರ್ಥ ‘ಒಳ್ಳೆಯ ಸ್ವಭಾವದ’. ರೂಢಿಯಲ್ಲಿ ಅದು ‘ಭೋಳೆ’, ‘ಮಂಕು’ ಎಂಬ ಅರ್ಥಕ್ಕೆ ತಿರುಗಿತು. ಕ್ರಿಸ್ತಪೂರ್ವ ಐದನೆಯ ಶತಮಾನದ ಇತಿಹಾಸಕಾರ ಥುಸಿಡಿಡಿಸ್ ಈ ಪದದ ಪಾಡನ್ನು ಗಮನಿಸಿದ್ದಾನೆ. ಕೊರ್ಸಿರಾ ದ್ವೀಪದ ಅಂತಃಕಲಹವನ್ನು ವರ್ಣಿಸುವಾಗ, ಉದಾತ್ತತೆಯ ದೊಡ್ಡ ಪಾಲಾಗಿದ್ದ ಈ ಋಜುತ್ವ ನಗೆಪಾಟಲಾಗಿ ಮರೆಯಾಯಿತೆಂದು ಅವನು ಬರೆಯುತ್ತಾನೆ. ಅವನ ದೃಷ್ಟಿಯಲ್ಲಿ ಮಾತಿನ ಅರ್ಥ ಕೆಡುವುದು ಸಮಾಜದ ಪರಸ್ಪರ ನಂಬಿಕೆ ಕೆಡುವುದರ ಒಂದು ಲಕ್ಷಣ.

ಇವೆಲ್ಲಕ್ಕಿಂತ ಹತ್ತಿರದ ನಿದರ್ಶನ ನಮ್ಮ ನೆಲದಲ್ಲೇ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಕೊಟ್ಟು, ಬಿರುದಿನ ಒಡೆಯ ಯಾರೆಂಬ ಪ್ರಶ್ನೆಗೆ ಉತ್ತರವಾಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ, ಆದವಾನಿ ಸೀಮೆಯ ನೆರೆಯಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿ ಮತ್ತು ರಾಜುಲ ಮಂದಗಿರಿಗಳಲ್ಲಿಯೂ ಅಶೋಕನ ಶಾಸನಗಳಿವೆ. ‘ದೇವರುಗಳಿಗೆ ಪ್ರಿಯನಾದವನು’ ಎಂಬ ಈ ಬಿರುದು ಆ ಕಾಲದ ಗೌರವದ ಮಾತು. ಸಿಂಹಳದ ರಾಜ ತಿಸ್ಸನೂ ಅದನ್ನು ಧರಿಸಿದ್ದ. ಆದರೆ ಮುಂದಿನ ಸಂಸ್ಕೃತದಲ್ಲಿ ‘ದೇವಾನಾಂಪ್ರಿಯ’ ಎಂದರೆ ಮೂರ್ಖ. ಪಾಣಿನಿಯ ವ್ಯಾಕರಣದಲ್ಲಿ, ನಿಂದೆ ತೋರುವಾಗ ಸಮಾಸದ ಪೂರ್ವಪದದಲ್ಲಿ ಷಷ್ಠೀವಿಭಕ್ತಿ ಲೋಪವಾಗದೆ ಉಳಿಯುತ್ತದೆಂಬ ನಿಯಮವಿದೆ. ಅದರ ಮೇಲಣ ವಾರ್ತಿಕದಲ್ಲಿ ಈ ಪದ ಸೇರಿತು. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ ಅದು ಮೂರ್ಖನೆಂಬ ಅರ್ಥದಲ್ಲಿ ಎಂದು ಸ್ಪಷ್ಟಪಡಿಸಿತು. ನಿಜವಾಗಿಯೂ ದೇವರಿಗೆ ಪ್ರಿಯನಾದವನನ್ನು ಹೇಳಬೇಕಾದರೆ ವಿಭಕ್ತಿ ಲೋಪವಾದ ‘ದೇವಪ್ರಿಯ’ ರೂಪವೇ ಬೇಕು. ಶಂಕರಾಚಾರ್ಯರೂ ಬ್ರಹ್ಮಸೂತ್ರಭಾಷ್ಯದಲ್ಲಿ ಪ್ರತಿವಾದಿಯನ್ನು ಈ ಪದದಿಂದ ಚುಚ್ಚುತ್ತಾರೆ.

ಬೌದ್ಧ ಸಾಮ್ರಾಟನ ಮೇಲಿನ ದ್ವೇಷದಿಂದಲೇ ಪದಕ್ಕೆ ಈ ಗತಿ ಬಂದಿತೆಂಬ ವಾದವಿದೆ. ಅದನ್ನು ಪೂರ್ತಿಯಾಗಿ ಅಲ್ಲಗಳೆಯಬೇಕಾಗಿಲ್ಲ. ಆದರೆ ಯಾವ ಧಾರ್ಮಿಕ ವೈರವೂ ಇಲ್ಲದ ಕಡೆ ‘ಸಿಲ್ಲಿ’, ‘ಬೆನೆ’ ಪದಗಳು ಇದೇ ಹಾದಿಯಲ್ಲಿ ನಡೆದಿರುವುದನ್ನು ನೋಡಿದರೆ ದ್ವೇಷವೊಂದೇ ಸಾಕಾದ ಕಾರಣವೆನ್ನಲಾಗದು. ಕನ್ನಡದಲ್ಲಿ ಇಂದು ಒಬ್ಬರನ್ನು ‘ದೇವರಂಥ ಮನುಷ್ಯ’ ಎಂದು ಹೇಳುವ ದನಿಯನ್ನು ಕಿವಿಗೊಟ್ಟು ಕೇಳಬೇಕು. ಮೆಚ್ಚುಗೆಯ ಜೊತೆಗೆ ‘ವ್ಯವಹಾರ ಗೊತ್ತಿಲ್ಲ’ ಎಂಬ ಸೂಚನೆಯೂ ಎಷ್ಟೋ ಸಲ ಅದರಲ್ಲಿರುತ್ತದೆ. ‘ತೀರ ಸಾಧು’ ಎಂಬ ಮಾತಿನಲ್ಲಿಯೂ ಇದೇ ಇಬ್ಬಗೆ. ಅಶೋಕನ ಬಿರುದು ನಡೆದ ಹಾದಿಯ ಮೊದಲ ಹೆಜ್ಜೆಗಳು ಇವು.

ಇಳಿಯುವುದೇಕೆ, ಏರುವುದೇಕೆ

ಭಾಷಾವಿಜ್ಞಾನದಲ್ಲಿ ಇಂಥ ಬದಲಾವಣೆಗೆ ಹೀನಾರ್ಥಪ್ರಾಪ್ತಿ ಎಂದು ಹೆಸರು. ಮನುಷ್ಯಸ್ವಭಾವದ ಕೆಡುಕಿಗೆ ಇದು ಸಾಕ್ಷಿಯೆಂದು ಕೆಲವರು ಭಾವಿಸಿದ್ದುಂಟು. ಫ್ರಾನ್ಸಿನ ಮಿಶೆಲ್ ಬ್ರೆಆಲ್ 1897ರಲ್ಲಿ ಪ್ರಕಟವಾದ ತನ್ನ ಅರ್ಥವಿಜ್ಞಾನದ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ವಿವರಣೆ ಕೊಟ್ಟ. ಅವನ ಪ್ರಕಾರ ಪದಗಳು ಕೆಡುವುದಕ್ಕೆ ಬಹುಮಟ್ಟಿಗೆ ಜನರ ದಾಕ್ಷಿಣ್ಯವೇ ಕಾರಣ. ಒಬ್ಬನನ್ನು ನೇರವಾಗಿ ದಡ್ಡನೆನ್ನಲು ಮನಸ್ಸು ಬಾರದೆ ‘ಮುಗ್ಧ’, ‘ಸರಳ’, ‘ಪಾಪದವ’ ಎನ್ನುತ್ತೇವೆ. ಕೇಳುವವನು ಮುಸುಕಿನ ಹಿಂದಿನ ಅರ್ಥವನ್ನು ಗ್ರಹಿಸುತ್ತಾನೆ. ಹೀಗೆ ಹಲವು ಸಲ ಆದ ಮೇಲೆ ಮುಸುಕಿಗೂ ಮುಖಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆಗ ಹೊಸ ಮುಸುಕು ಬೇಕಾಗುತ್ತದೆ. ಆಲ್ಪ್ಸ್ ಸೀಮೆಯ ‘ಕ್ರೆಟಿನ್’ ಎಂಬ ಪದ ಇದಕ್ಕೆ ಕಟುವಾದ ಉದಾಹರಣೆ. ಅಯೋಡಿನ್ ಕೊರತೆಯಿಂದ ದೇಹ ಮತ್ತು ಬುದ್ಧಿಯ ಬೆಳವಣಿಗೆ ಕುಂಠಿತವಾದವರನ್ನು, ಅವರೂ ನಮ್ಮಂತೆ ಮನುಷ್ಯರೇ ಎಂಬ ಕರುಣೆಯಿಂದ, ‘ಕ್ರೈಸ್ತ’ ಎಂಬ ಪದದ ಸ್ಥಳೀಯ ರೂಪದಿಂದ ಕರೆದರು. ಆ ಕರುಣೆಯ ಪದವೇ ಮುಂದೆ ಯೂರೋಪಿನ ಭಾಷೆಗಳಲ್ಲಿ ಕ್ರೂರವಾದ ಬೈಗುಳವಾಯಿತು.

ಹಾದಿ ಒಮ್ಮುಖವಾದುದಲ್ಲ. ಇಂಗ್ಲಿಷಿನ ‘ನೈಸ್’ ಲ್ಯಾಟಿನ್ನಿನ ‘ಅರಿಯದ’ ಎಂಬ ಪದದಿಂದ ಹುಟ್ಟಿ, ಸುಮಾರು 1300ರಲ್ಲಿ ‘ದಡ್ಡ’ ಎಂಬ ಅರ್ಥದಲ್ಲಿದ್ದು, ನಾಜೂಕು, ಸೂಕ್ಷ್ಮ ಎಂಬ ಅರ್ಥಗಳನ್ನು ದಾಟಿ ಹದಿನೆಂಟನೆಯ ಶತಮಾನದಲ್ಲಿ ‘ಹಿತವಾದ’ ಎಂಬ ಅರ್ಥಕ್ಕೆ ಏರಿತು. ಸಂಸ್ಕೃತದ ‘ಮುಗ್ಧ’ದ್ದೂ ಏರುಹಾದಿಯೇ. ‘ಮುಹ್’ ಎಂಬ ಧಾತುವಿಗೆ ದಿಗ್ಭ್ರಮೆಗೊಳ್ಳು ಎಂಬ ಅರ್ಥ. ಅದರಿಂದ ಎರಡು ಭೂತಕೃದಂತಗಳು ಸಿದ್ಧಿಸುತ್ತವೆ: ಒಂದು ‘ಮೂಢ’, ಇನ್ನೊಂದು ‘ಮುಗ್ಧ’. ವ್ಯಾಕರಣ ಎರಡನ್ನೂ ವಿಕಲ್ಪವಾಗಿ ಒಪ್ಪಿದೆ. ಮೊದಲಲ್ಲಿ ಎರಡರ ಅರ್ಥವೂ ಒಂದೇ ನೆಲೆಯದು. ಬಳಕೆ ಅವುಗಳನ್ನು ಬೇರ್ಪಡಿಸಿತು. ಕಾವ್ಯಮೀಮಾಂಸೆ ‘ಮುಗ್ಧಾ’ ಎಂದು ಅನುಭವವಿಲ್ಲದ ಎಳೆಯ ನಾಯಿಕೆಯನ್ನು ಕರೆದು, ಅರಿಯದಿರುವುದನ್ನೇ ಚೆಲುವಾಗಿ ಕಂಡಿತು. ಕನ್ನಡದಲ್ಲಿ ಇಂದು ‘ಮುಗ್ಧತೆ’ ಮೆಚ್ಚುವ ಗುಣ. ‘ಮೌಢ್ಯ’ ನಿವಾರಿಸಬೇಕಾದ ಪಿಡುಗು. 2017ರಲ್ಲಿ ಕರ್ನಾಟಕ ಅಂಗೀಕರಿಸಿದ, ಅಮಾನವೀಯ ಆಚರಣೆ ಮತ್ತು ವಾಮಾಚಾರಗಳನ್ನು ತಡೆಯುವ ಕಾನೂನನ್ನು ಜನ ಕರೆಯುವುದು ಮೌಢ್ಯ ನಿಷೇಧ ಕಾಯ್ದೆ ಎಂದೇ.

ಗಡಿಯ ಭಾಷೆಗಳಲ್ಲಿ

ದ್ವಿಭಾಷಿಕ ಸಮಾಜಗಳಲ್ಲಿ ಈ ಅರ್ಥವಲಯ ಇನ್ನಷ್ಟು ಸಂಕೀರ್ಣ. ಕಾಸರಗೋಡು ಮತ್ತು ಕರಾವಳಿಯ ಕನ್ನಡದಲ್ಲಿ ‘ಪಾಪದವ’ ಎಂದರೆ ಪಾಪ ಮಾಡಿದವನಲ್ಲ. ಬಡವ, ನಿರುಪದ್ರವಿ, ಸಾಧು. ಜೊತೆಗಿರುವ ಮಲಯಾಳದ ‘ಪಾವಂ’ ಎಂಬುದಕ್ಕೂ ಇದೇ ಭಾವ. ‘ಪಾಪ’ ಎಂಬ ಪದ ಮೊದಲು ಕನಿಕರದ ಉದ್ಗಾರವಾಗಿ, ಅನಂತರ ಕನಿಕರಕ್ಕೆ ಅರ್ಹನಾದವನ ಹೆಸರಾಯಿತು. ‘ಸಿಲ್ಲಿ’ ಪುಣ್ಯದಿಂದ ಹೊರಟಿತು, ‘ಪಾಪದವ’ ಪಾಪದಿಂದ ಹೊರಟಿತು. ಎರಡೂ ಬಡಪಾಯಿಯ ಮನೆಯಂಗಳದಲ್ಲಿ ಭೇಟಿಯಾಗುತ್ತವೆ. ಚಾಸರನ ಬಡಗಿಗೆ ಕನ್ನಡದಲ್ಲಿ ಒಂದು ಪದ ಬೇಕೆಂದಾದರೆ ಅದು ಬಹುಶಃ ಕರಾವಳಿಯ ಈ ‘ಪಾಪದವ’ನೇ.

ತಾಳವಾಡಿ, ಹೊಸೂರು, ನೀಲಗಿರಿಗಳ ಕನ್ನಡಿಗರು ನಿತ್ಯ ಕೇಳುವ ತಮಿಳಿನಲ್ಲಿ ‘ಪೇದೈ’ ಎಂದರೆ ಅರಿವಿಲ್ಲದ ವ್ಯಕ್ತಿ. ಸ್ತ್ರೀಯರ ಏಳು ವಯೋಮಾನಗಳಲ್ಲಿ ಮೊದಲನೆಯದರ, ಎಂದರೆ ಐದರಿಂದ ಏಳು ವರ್ಷದ ಬಾಲೆಯ ಹೆಸರೂ ಅದೇ. ಹೆಣ್ಣಿನ ನಾಲ್ಕು ಸಹಜಗುಣಗಳೆಂದು ಆ ಪರಂಪರೆ ಎಣಿಸಿದವುಗಳಲ್ಲಿ ಒಂದು ‘ಮಡಂ’, ಎಂದರೆ ತಿಳಿದೂ ತಿಳಿಯದಂತಿರುವ ಸರಳತೆ. ಅದೇ ಬೇರಿನ ‘ಮಡೈಯನ್’ ಗಂಡಸಿಗೆ ಬೈಗುಳ. ಹೆಣ್ಣಿಗೆ ಭೂಷಣವಾದದ್ದು ಗಂಡಿಗೆ ಕುಂದಾಗುವ ಈ ಭೇದ ಗಮನಿಸತಕ್ಕದ್ದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮರಾಠಿಯಲ್ಲಿ ‘ಭೋಳಾ’ ಕಪಟವರಿಯದ ಭಕ್ತನಿಗೂ ಸುಲಭವಾಗಿ ಮೋಸಹೋಗುವವನಿಗೂ ಸಲ್ಲುತ್ತದೆ. ಕನ್ನಡದ ‘ಭೋಳೆ’ ಸ್ವಭಾವವೂ ‘ಭೋಳೇಶಂಕರ’ನೂ ಇದರ ನೆಂಟರು. ರಾಯದುರ್ಗ, ಮಡಕಶಿರಾಗಳಲ್ಲಿ ಕನ್ನಡದ ‘ಪೆದ್ದ’ ದಡ್ಡನಾದರೆ ತೆಲುಗಿನ ‘ಪೆದ್ದ’ ಹಿರಿಯ. ಒಂದೇ ಉಚ್ಚಾರ ಒಂದು ಭಾಷೆಯಲ್ಲಿ ಗೌರವ, ಇನ್ನೊಂದರಲ್ಲಿ ಅವಹೇಳನ. ಎರಡೂ ಭಾಷೆಯ ಮನೆಗಳಲ್ಲಿ ಇದು ಹಳೆಯ ತಮಾಷೆ. ತೆಲುಗಿನಲ್ಲೂ ಕನ್ನಡದಲ್ಲೂ ಇರುವ ‘ಅಮಾಯಕ’ ಪದ ವಂಚನೆಯಿಲ್ಲದವನೆಂಬ ಅರ್ಥದಿಂದ ಲೋಕವರಿಯದವನೆಂಬ ಅರ್ಥದತ್ತ ಜಾರುತ್ತಿದೆ.

ಜಾರುವ ಪದವನ್ನು ಹಿಡಿದೆತ್ತಿದ ನಿದರ್ಶನವೂ ಕನ್ನಡದಲ್ಲಿದೆ. ‘ಮರುಳ’ ಎಂದರೆ ಹುಚ್ಚ, ಬುದ್ಧಿಗೆಟ್ಟವ. ಉತ್ತರ ಕರ್ನಾಟಕದ ‘ಮಳ್ಳ’ ಅದರದೇ ರೂಪ. ಆದರೆ ಶರಣ ಪರಂಪರೆಯಲ್ಲಿ ಅದು ಮರುಳಸಿದ್ಧ, ಮರುಳಶಂಕರದೇವ ಎಂಬ ಪೂಜ್ಯ ನಾಮಗಳ ಅಂಗ. ಶೂನ್ಯಸಂಪಾದನೆಯಲ್ಲಿ ಕಲ್ಯಾಣದ ಶರಣರ ನಡುವೆ ಯಾರ ಗಮನಕ್ಕೂ ಬಾರದೆ ಮರುಳನಂತೆ ಇದ್ದವನ ನಿಲುವನ್ನು ಅಲ್ಲಮಪ್ರಭು ಗುರುತಿಸುತ್ತಾನೆ. ರಷ್ಯದಲ್ಲಿಯೂ ‘ಬ್ಲಝೆನ್ನಿ’ ಎಂಬ ಪದ ಧನ್ಯನಿಗೂ ದೇವರ ಹುಚ್ಚನಿಗೂ ಸಲ್ಲುತ್ತದೆ. ಮಾಸ್ಕೊದ ಪ್ರಸಿದ್ಧ ದೇವಾಲಯ ನಿಂತಿರುವುದು ಅಂಥ ಒಬ್ಬ ವಸಿಲಿಯ ಹೆಸರಿನಲ್ಲಿ. ಲೋಕದ ಲೆಕ್ಕಕ್ಕೆ ಸಿಗದವನು ಮೇಲೂ ಇರಬಹುದು, ಕೆಳಗೂ ಇರಬಹುದು ಎಂಬ ಎಚ್ಚರವನ್ನು ಇಂಥ ಪದಗಳು ಉಳಿಸಿಕೊಂಡಿವೆ.

ಪದ ಮತ್ತು ತೀರ್ಪು

ದಡ್ಡತನದ ಪದಗಳ ಮೂಲಗಳನ್ನು ಒಟ್ಟಾಗಿ ನೋಡಿದರೆ ಬುದ್ಧಿಗೆ ನೇರವಾ�ಗಿ ಸಂಬಂಧಿಸಿದವು ಕಡಿಮೆಯೆಂಬುದು ಕಾಣುತ್ತದೆ. ಗ್ರೀಕಿನಲ್ಲಿ ‘ಈಡಿಯಟ್’ನ ಮೂಲರೂಪ ಸಾರ್ವಜನಿಕ ಹುದ್ದೆಯಿಲ್ಲದ ಖಾಸಗಿ ವ್ಯಕ್ತಿಗೆ ಸಲ್ಲುತ್ತಿತ್ತು. ಹಿಂದಿಯ ‘ಗಂವಾರ್’ ಹಳ್ಳಿಗ. ಅದರಿಂದ ಬಂದ ಕನ್ನಡದ ‘ಗಮಾರ’ ಸಂಸ್ಕಾರವಿಲ್ಲದವ. ಇಂಗ್ಲಿಷಿನ ‘ಡಂಬ್’ ಮಾತು ಬಾರದವನಿಗೆ ಇದ್ದ ಪದ. ಜರ್ಮನ್ನಿನ ‘ಡುಮ್’ ಎಂಬುದರ ಪ್ರಭಾವದಿಂದ ಅಮೆರಿಕದಲ್ಲಿ ಅದು ದಡ್ಡನಿಗೆ ಅಂಟಿಕೊಂಡಿತು. ಪದವಿಯಿಲ್ಲದವನು, ಊರ ಹೊರಗಿನವನು, ಮಾತನಾಡದವನು, ಕೇಡರಿಯದವನು ಇವರೆಲ್ಲ ದಡ್ಡರ ಪಟ್ಟಿಗೆ ಸೇರಿದ್ದು ಅವರ ಬುದ್ಧಿಯನ್ನು ಯಾರೋ ಅಳೆದು ನೋಡಿದ್ದರಿಂದಲ್ಲ. ಹೆಸರಿಡುವವರ ಸ್ಥಾನದಿಂದ ಅವರು ಹಾಗೆ ಕಂಡರು.

ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಇದು ಪುಸ್ತಕದ ಸಂಗತಿಯಷ್ಟೇ ಅಲ್ಲ. ಮನೆಮಾತು ಒಂದು, ಶಾಲೆಯ ಅಥವಾ ಕಚೇರಿಯ ಮಾತು ಇನ್ನೊಂದು ಆದಾಗ, ಎರಡನೆಯ ಭಾಷೆಯಲ್ಲಿ ತಡವರಿಸುವವನ ಮೌನ ಬುದ್ಧಿಯ ಕೊರತೆಯಂತೆ ತೋರುವುದು ಸುಲಭ. ಅವನನ್ನು ‘ಪಾಪದವ’, ‘ಅಮಾಯಕ’, ‘ಅಪ್ಪಾವಿ’ ಎನ್ನುವ ದನಿಯಲ್ಲಿ ಕರುಣೆಯೇ ಇರಬಹುದು. ಆ ಕರುಣೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ‘ಸಿಲ್ಲಿ’ಯ ಚರಿತ್ರೆ ತೋರಿಸಿಕೊಡುತ್ತದೆ. ಮಗುವಿನ ಭಾಷೆ ಬೇರೆ ಎಂದು ಹೇಳುವುದಕ್ಕೂ ಮಗು ಪಾಪ ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸ ಆಮೇಲೆ ಮಗುವಿಗೆ ಏನು ಕಲಿಸಲಾಗುತ್ತದೆ ಎಂಬುದರಲ್ಲಿ ಪ್ರಕಟವಾಗುತ್ತದೆ.

ನಿಘಂಟುಕಾರರಿಗೂ ಅನುವಾದಕರಿಗೂ ಇಲ್ಲಿಂದ ಕೆಲವು ಕೆಲಸಗಳು ಹುಟ್ಟುತ್ತವೆ. ‘ಸಿಲ್ಲಿ’ ಎಂಬ ನಮೂದಿಗೆ ‘ಪೆದ್ದ, ಬೆಪ್ಪು, ಅವಿವೇಕದ’ ಎಂದು ಸಮಾನಪದಗಳನ್ನು ಸಾಲಾಗಿ ಕೊಡುವ ಇಂಗ್ಲಿಷ್-ಕನ್ನಡ ಕೋಶ ಚಾಸರ್, ಶೇಕ್ಸ್‌ಪಿಯರ್, ಮಿಲ್ಟನ್‌ರ ಓದುಗನಿಗೆ ದಾರಿ ತಪ್ಪಿಸುತ್ತದೆ. ಅರ್ಥಗಳನ್ನು ಕಾಲಕ್ರಮದಲ್ಲಿ ಬಿಡಿಸಿ ಕೊಡಬೇಕಾಗುತ್ತದೆ. ಕಾಸರಗೋಡಿನ ‘ಪಾಪದವ’, ಉತ್ತರ ಕರ್ನಾಟಕದ ‘ಮಳ್ಳ’, ಗಡಿಯಾಚೆಯ ‘ಭೋಳೆ’ ಇಂಥ ಪ್ರಾದೇಶಿಕ ಪದಗಳು ಆ ನಮೂದಿನಲ್ಲಿ ಸ್ಥಾನ ಪಡೆಯಬೇಕು. ಶಿಷ್ಟ ಕನ್ನಡದಲ್ಲಿ ಇಲ್ಲದ ನಡುಮೆಟ್ಟಿಲುಗಳನ್ನು ಅವು ಒದಗಿಸುತ್ತವೆ. ಗಡಿನಾಡಿನ ನುಡಿಸಂಗ್ರಹಗಳಲ್ಲಿ ಇಂಥ ಪದ ಸಿಕ್ಕಾಗ ಅದನ್ನು ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆಂಬುದನ್ನೂ ಅರ್ಥದ ಜೊತೆಗೆ ಬರೆದಿಟ್ಟರೆ, ಆ ಪದ ಮುಂದೆ ಯಾವ ಕಡೆಗೆ ಸರಿಯಿತೆಂದು ತಿಳಿಯಬಯಸುವವರಿಗೆ ಆಧಾರವಾಗುತ್ತದೆ.